ಉಪ್ಪು ಕರಗಿ, ಮಂಜು ಕರಗಿ, ಹಾಲು ಗಟ್ಟಿಯಾಗುವುದು

ಹೈದರಾಬಾದಿನ ಮೊಅಜ್ಜಂ ಜಾಹಿ ಮಾರುಕಟ್ಟೆ ಎದ್ದದ್ದು 1935ರಲ್ಲಿ, ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅವರ ಕಾಲದಲ್ಲಿ. ಹೆಸರು ಅವರ ಎರಡನೆಯ ಮಗನದು. ಈ ಕಲ್ಲುಕಟ್ಟಡಕ್ಕೆ ಜನ ಇಂದಿಗೂ ಹುಡುಕಿಕೊಂಡು ಬರುವುದು ಹಣ್ಣಿನ ಐಸ್‌ಕ್ರೀಮಿಗಾಗಿ. ಅದನ್ನು ಕೈಯಿಂದ ತಿರುವುವ ಹಳೆಯ ಕ್ರಮಕ್ಕೆ ಬೇಕಾದದ್ದು ಒಂದು ಮರದ ಪೀಪಾಯಿ, ಅದರೊಳಗೆ ಹಾಲು ಸಕ್ಕರೆ ಹಣ್ಣು ತುಂಬಿದ ಲೋಹದ ಡಬ್ಬ, ಎರಡರ ನಡುವಿನ ಸಂದಿಗೆ ಮಂಜುಗಡ್ಡೆಯ ಚೂರು ಮತ್ತು ಕಲ್ಲುಪ್ಪು.

ಉಪ್ಪು ಯಾಕೆ? ಸಕ್ಕರೆ ಬೆರೆತ ಹಾಲು ಸೊನ್ನೆ ಡಿಗ್ರಿಯಲ್ಲಿ ಗಟ್ಟಿಯಾಗುವುದಿಲ್ಲ, ಇನ್ನೂ ಕೆಳಗಿಳಿಯಬೇಕು. ಬರೀ ಮಂಜುಗಡ್ಡೆ ಕರಗುತ್ತ ಸೊನ್ನೆಯಲ್ಲೇ ನಿಂತುಬಿಡುತ್ತದೆ. ಗಡ್ಡೆಯ ಮೈಮೇಲಿನ ನೀರಿನಲ್ಲಿ ಉಪ್ಪು ಕರಗಿದರೆ ಆ ನೀರು ಸೊನ್ನೆಯಲ್ಲಿ ಮತ್ತೆ ಹೆಪ್ಪುಗಟ್ಟಲಾರದು. ಹಾಗಾಗಿ ಗಡ್ಡೆ ಕರಗುತ್ತಲೇ ಹೋಗುತ್ತದೆ. ಒಂದು ಗ್ರಾಂ ಮಂಜು ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅದನ್ನು ಅದು ಪಕ್ಕದ ಡಬ್ಬದಿಂದಲೇ ಕಿತ್ತುಕೊಳ್ಳುತ್ತದೆ. ಹದವಾಗಿ ಬೆರೆಸಿದರೆ ಮೈನಸ್ 21 ಡಿಗ್ರಿಯವರೆಗೂ ಇಳಿಯಬಹುದು. ಕರಗುವುದೆಂದರೆ ಬಿಸಿ ಎಂದುಕೊಂಡವರಿಗೆ ಇದು ವಿಚಿತ್ರವೇ ಸರಿ: ಇಲ್ಲಿ ಹಾಲು ಗಟ್ಟಿಯಾಗುವುದು ಮಂಜು ಕರಗುವುದರಿಂದ.

ಕನ್ನಡದಲ್ಲಿ ಮಂಜೂ ಕರಗುತ್ತದೆ, ಉಪ್ಪೂ ಕರಗುತ್ತದೆ. ವಿಜ್ಞಾನದ ಪಾಠದಲ್ಲಿ ಇವೆರಡೂ ಬೇರೆ ಬೇರೆ. ಮೊದಲನೆಯದು ಶಾಖದಿಂದ ದ್ರವವಾಗುವುದು, ಎರಡನೆಯದು ಇನ್ನೊಂದರಲ್ಲಿ ಬೆರೆತುಹೋಗುವುದು. ಆದರೆ ಪೀಪಾಯಿಯಲ್ಲಿ ಒಂದಿಲ್ಲದೆ ಇನ್ನೊಂದು ನಡೆಯದು. ನಮ್ಮ ಮಾತು ಎರಡನ್ನೂ ಒಂದೇ ಪದದಲ್ಲಿ ಹಿಡಿದದ್ದು ಅಷ್ಟೇನೂ ತಪ್ಪಲ್ಲ.

ಉಪ್ಪಿನಿಂದ ತಂಪು ಮಾಡುವುದು ಹಳೆಯ ವಿದ್ಯೆ. ಅಬುಲ್ ಫಜಲನ 'ಐನ್-ಇ-ಅಕ್ಬರಿ'ಯಲ್ಲಿ ಪೆಟ್ಲುಪ್ಪು ಬೆರೆಸಿದ ನೀರಿನೊಳಗೆ ಕುಡಿಯುವ ನೀರಿನ ಹೂಜಿಯನ್ನು ತಿರುಗಿಸುತ್ತಿದ್ದ ವಿವರ ಇದೆ. ಅದರಿಂದ ನೀರು ತಣ್ಣಗಾಗುತ್ತಿತ್ತು, ಅಷ್ಟೆ. ಐಸ್‌ಕ್ರೀಮಿಗೆ ಮಂಜುಗಡ್ಡೆಯೇ ಬೇಕು, ದಖ್ಖನ್ನಿನಲ್ಲಿ ಅದು ಬೀಳುವುದಿಲ್ಲ. 1833ರಲ್ಲಿ ಬೋಸ್ಟನ್ನಿನಿಂದ ಕಲ್ಕತ್ತೆಗೆ ಹೊರಟ ಮೊದಲ ಹಡಗಿನಲ್ಲಿ ಸುಮಾರು 180 ಟನ್ ಗಡ್ಡೆ ಇತ್ತು. ನಾಲ್ಕು ತಿಂಗಳ ದಾರಿಯಲ್ಲಿ ಬಹಳಷ್ಟು ನೀರಾಗಿ, ಸುಮಾರು 100 ಟನ್ ದಡ ಮುಟ್ಟಿತು. ಮಂಜು ಅಗ್ಗವಾಗಿ ಊರೂರಿಗೆ ಬಂದದ್ದು ಯಂತ್ರದ ಕಾರ್ಖಾನೆಗಳು ಬಂದ ಮೇಲೆ.

ಇದೇ ತರ್ಕದ ಇನ್ನೊಂದು ಕೆಲಸ, ಕುಲುಮೆಯಲ್ಲಿ, ಹೈದರಾಬಾದ್ ಸಂಸ್ಥಾನದ್ದೇ ಆಗಿದ್ದ ಬೀದರಿನಲ್ಲಿ ನಡೆಯುತ್ತಿತ್ತು. ಬಿದ್ರಿ ಪಾತ್ರೆಯ ಎರಕ ಹೆಚ್ಚಿನಂಶ ಸತು, ಸ್ವಲ್ಪ ತಾಮ್ರ. ಸಾಮಾನ್ಯವಾಗಿ ಹೇಳುವ ಲೆಕ್ಕ 16ಕ್ಕೆ 1. ಸತು 419 ಡಿಗ್ರಿಯಲ್ಲಿ ಕರಗುತ್ತದೆ, ತಾಮ್ರಕ್ಕೆ 1085 ಬೇಕು. ತೊಡಕೆಂದರೆ, ಸತು 907ಕ್ಕೇ ಕುದಿದು ಹಬೆಯಾಗಿಬಿಡುತ್ತದೆ. ತಾಮ್ರ ತಾನಾಗಿ ಕರಗುವವರೆಗೆ ಕಾದರೆ ಸತುವೇ ಇರುವುದಿಲ್ಲ. ಆದರೆ ಕಾಯುವ ಅಗತ್ಯವೂ ಇಲ್ಲ. ಕಾದ ಸತುವಿನೊಳಗೆ ತಾಮ್ರ, ನೀರಿನಲ್ಲಿ ಉಪ್ಪು ಕರಗಿದ ಹಾಗೆಯೇ, 1085ಕ್ಕಿಂತ ಬಹಳ ಕೆಳಗೇ ಬೆರೆತುಹೋಗುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಇಷ್ಟನ್ನೂ ಕಣ್ಣಂದಾಜಿನಲ್ಲೇ ಹಿಡಿಯುತ್ತಿದ್ದರು. ಮರಳಿನ ಅಚ್ಚಿಗೆ ಸುರಿದದ್ದು ನಾನ್ನೂರರ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ. ಲೋಹದ ಮಟ್ಟಿಗೆ ಅದೂ ಹೆಪ್ಪುಗಟ್ಟುವುದೇ, ಮುಟ್ಟಿದರೆ ಕೈ ಸುಟ್ಟರೂ.

ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿನ ಅರಗಿನ ಬಳೆಗೆ ಮಾತ್ರ ಈ ಲೆಕ್ಕ ಹಿಡಿಸದು. ಮಂಜಿಗಿರುವಂತೆ ಅರಗಿಗೆ ಒಂದು ಖಚಿತ ಗೆರೆಯಿಲ್ಲ. ಬಿಸಿ ಏರಿದಂತೆ ಮೆತ್ತಗಾಗುತ್ತ ಹೋಗುತ್ತದೆ, ಆರಿದಂತೆ ಬಿಗಿಯುತ್ತದೆ. ಕುಶಲಿಗಳು ಬಳೆ ಬಾಗಿಸಿ ಹರಳು ಒತ್ತುವುದು ಆ ನಡುವಿನ ಗಳಿಗೆಯಲ್ಲಿ.

1956ರಲ್ಲಿ ಸಂಸ್ಥಾನ ಒಡೆದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಬಿದ್ರಿ ಕೆಲಸ ಈಗ ಬೀದರಿನಲ್ಲೂ ಇದೆ, ಹೈದರಾಬಾದಿನಲ್ಲೂ ಇದೆ. ಹಳೆಯ ಹೂಜಿ, ಹುಕ್ಕಾಗಳು ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿವೆ.