ಅರ್ಧಕ್ಕೆ ನಿಂತ ಕಸೂತಿ: ಫೆಲೆಸ್ತೀನಿನ ಸೂಜಿ ಹೇಳುವ ಚರಿತ್ರೆ

ನಮ್ಮ ಅನೇಕ ಮನೆಗಳಲ್ಲಿ ಅಂತಹದೊಂದು ಪೆಟ್ಟಿಗೆ ಇರುತ್ತದೆ. ಅದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯಾಗಿರಬಹುದು, ಟ್ರಂಕಿನ ತಳದಲ್ಲಿ ಮಡಚಿಟ್ಟ ಬಟ್ಟೆಯ ಗಂಟಾಗಿರಬಹುದು. ತೆರೆದರೆ ಬಣ್ಣದ ದಾರದ ಲಡಿಗಳು, ತುಕ್ಕು ಹಿಡಿದ ಸೂಜಿಗಳು, ಮರದ ರಿಂಗು, ಜೊತೆಗೆ ಅರ್ಧ ಹೂವು ಮೂಡಿ ನಿಂತ ಒಂದು ದಿಂಬಿನ ಕವರು. ಅದನ್ನು ಆರಂಭಿಸಿದವರು ನಮ್ಮ ತಾಯಿಯೋ ಅಜ್ಜಿಯೋ ಆಗಿರುತ್ತಾರೆ. ಕೆಲವೊಮ್ಮೆ ನಾವೇ ಆಗಿರುತ್ತೇವೆ. ಮದುವೆ, ಹೆರಿಗೆ, ಕಾಯಿಲೆ, ಊರು ಬದಲಾವಣೆ ಇವುಗಳಲ್ಲಿ ಯಾವುದೋ ಒಂದು ಬಂದು ಸೂಜಿ ನಿಂತಿತು. ಆ ಬಳಿಕ ನಾವು ಅಂಗಡಿಗೆ ಹೋದಾಗಲೆಲ್ಲ ಇನ್ನೆರಡು ಲಡಿ ದಾರ ಕೊಂಡು ತಂದೆವು, ಪೆಟ್ಟಿಗೆ ತುಂಬಿತು. ಹೂವು ಮಾತ್ರ ಅರ್ಧದಲ್ಲೇ ಉಳಿಯಿತು.

ಇದೊಂದು ಸಣ್ಣ ವಿಷಯವೆಂದು ತೋರಬಹುದು. ಆದರೆ ಅರ್ಧಕ್ಕೆ ನಿಂತ ಕಸೂತಿಯನ್ನು ಮರಳಿ ಕೈಗೆತ್ತಿಕೊಳ್ಳುವುದು ಒಂದು ಜನಾಂಗದ ಅಸ್ತಿತ್ವದ ಪ್ರಶ್ನೆಯೂ ಆಗಬಲ್ಲದು ಎಂಬುದಕ್ಕೆ ಫೆಲೆಸ್ತೀನಿನ ಮಹಿಳೆಯರ ಚರಿತ್ರೆ ಸಾಕ್ಷಿಯಾಗಿದೆ. ಆ ಚರಿತ್ರೆಯನ್ನು ನಮ್ಮ ಮಕ್ಕಳೊಂದಿಗೆ ಹಂಚಿಕೊಳ್ಳುವ ಸಲುವಾಗಿ ಈ ಬರಹ.

ಕೈಯಾರೆ ನೇಯ್ದ ಉಡುಗೊರೆ

ಸಹ್ಲ್ ಬಿನ್ ಸಅದ್(ರ) ಅವರಿಂದ ವರದಿಯಾಗಿ ಸಹೀಹ್ ಬುಖಾರಿಯಲ್ಲಿ ದಾಖಲಾದ ಒಂದು ಘಟನೆ ನಮಗೆ ಪರಿಚಿತವೇ. ಓರ್ವ ಮಹಿಳೆ ಅಂಚುಳ್ಳ ಒಂದು ಹೊದಿಕೆಯನ್ನು ಪ್ರವಾದಿ(ಸ)ರ ಬಳಿಗೆ ತಂದು, ಅದನ್ನು ತಾನೇ ಕೈಯಾರೆ ನೇಯ್ದಿರುವುದಾಗಿಯೂ ಅವರು ಅದನ್ನು ಧರಿಸಬೇಕೆಂದೂ ತಿಳಿಸಿದರು. ಪ್ರವಾದಿ(ಸ)ರು ಅದನ್ನು ಸ್ವೀಕರಿಸಿ ಉಟ್ಟುಕೊಂಡು ಹೊರಬಂದರು. ಅನುಚರರೊಬ್ಬರು ಅದನ್ನು ಬೇಡಿದಾಗ ಕೊಟ್ಟೂಬಿಟ್ಟರು. ಬೇಡಿದವರು ಅದನ್ನು ತನ್ನ ಕಫನ್‌ಗಾಗಿ ಬಯಸಿದ್ದರು, ಹಾಗೆಯೇ ಆಯಿತು. ಆ ಮಹಿಳೆಯ ಹೆಸರು ವರದಿಯಲ್ಲಿ ಉಳಿದಿಲ್ಲ. ಆಕೆಯ ಕೈಕೆಲಸ ಉಳಿದಿದೆ. ಪ್ರವಾದಿಪತ್ನಿ ಝೈನಬ್ ಬಿಂತ್ ಜಹ್ಶ್(ರ) ಅವರು ಸ್ವಂತ ಕೈಯಿಂದ ದುಡಿದು ದಾನ ಮಾಡುತ್ತಿದ್ದರೆಂದು ಹ. ಆಯಿಶಾ(ರ) ಸ್ಮರಿಸಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಮುಂದಿನ ಶತಮಾನಗಳಲ್ಲಿ ಬಟ್ಟೆಯ ಮೇಲಿನ ಸೂಜಿಯ ಕೆಲಸ ಮುಸ್ಲಿಮ್ ಜಗತ್ತಿನ ಉದ್ದಗಲಕ್ಕೂ ಹಬ್ಬಿತು. ಅಬ್ಬಾಸಿಯಾ ಮತ್ತು ಫಾತಿಮಿಯಾ ಆಡಳಿತಗಳ ಕಾಲದಲ್ಲಿ ಖಲೀಫರ ಹೆಸರನ್ನು ಬರೆದ ಅಂಚಿನ ಬಟ್ಟೆಗಳನ್ನು ಸರಕಾರಿ ಕಾರ್ಯಾಗಾರಗಳಲ್ಲಿ ತಯಾರಿಸಲಾಗುತ್ತಿತ್ತು. ಆ ಬಟ್ಟೆಗೂ ಆ ಕಾರ್ಯಾಗಾರಕ್ಕೂ ‘ತಿರಾಝ್’ ಎಂಬುದೇ ಹೆಸರು. ಫಾರ್ಸಿ ಮೂಲದ ಆ ಪದದಿಂದಲೇ ಇಂದು ಫೆಲೆಸ್ತೀನಿನ ಕಸೂತಿಗೆ ಇರುವ ‘ತತ್‌ರೀಝ್’ ಎಂಬ ಹೆಸರೂ ಬಂದಿದೆ. ಒಂದು ವ್ಯತ್ಯಾಸವಿದೆ. ತಿರಾಝ್ ಅರಮನೆಯದಾಗಿತ್ತು. ತತ್‌ರೀಝ್ ಹಳ್ಳಿಯ ರೈತ ಮಹಿಳೆಯರದು. ಅದರ ಪ್ರಧಾನ ಹೊಲಿಗೆಯಾದ ಕ್ರಾಸ್ ಸ್ಟಿಚ್ಚನ್ನು ಅಲ್ಲಿ ‘ಫಲ್ಲಾಹಿ’, ಅಂದರೆ ರೈತರ ಹೊಲಿಗೆ, ಎಂದೇ ಕರೆಯುತ್ತಾರೆ. ಮುಸ್ಲಿಮ್ ಮತ್ತು ಕ್ರೈಸ್ತ ಮಹಿಳೆಯರಿಬ್ಬರೂ ಈ ಕಲೆಯನ್ನು ಸಮಾನವಾಗಿ ಬೆಳೆಸಿದರು.

ಬಿಡಿಬಿಡಿಯಾಗಿ ಬೆಳೆಯುತ್ತಿದ್ದ ಉಡುಪು

ಫೆಲೆಸ್ತೀನಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಚಿಕ್ಕಂದಿನಲ್ಲೇ ತಾಯಿ, ಅಜ್ಜಿಯರ ಬಳಿ ಕುಳಿತು ಸೂಜಿ ಹಿಡಿಯುತ್ತಿದ್ದರು. ಮದುವೆಯ ವೇಳೆಗೆ ಸಿದ್ಧವಾಗಿರಬೇಕಾದ ಉಡುಪು, ದಿಂಬಿನ ಹೊದಿಕೆ, ಮುಸುಕು ಇವೆಲ್ಲ ಅವರ ಕೈಯಿಂದಲೇ ಮೂಡಬೇಕಿತ್ತು. ಒಂದು ನಿಲುವಂಗಿ, ಅಂದರೆ ‘ಥೋಬ್’, ಒಮ್ಮೆಲೇ ಹೊಲಿಯುವ ವಸ್ತುವಾಗಿರಲಿಲ್ಲ. ‘ಕಬ್ಬಾ’ ಎಂಬ ಎದೆಯ ಪಟ್ಟಿ ಬೇರೆ, ತೋಳುಗಳು ಬೇರೆ, ಪಕ್ಕದ ಪಟ್ಟಿಗಳು ಬೇರೆ. ಒಂದೊಂದನ್ನೂ ಬಿಡಿಯಾಗಿ ಕಸೂತಿ ಮಾಡಿ ಕೊನೆಗೆ ಜೋಡಿಸಲಾಗುತ್ತಿತ್ತು. ಹೊಲದ ಕೆಲಸ, ಆಲಿವ್ ಕೊಯ್ಲು, ನೀರು ತರುವುದು ಇವುಗಳ ನಡುವೆ ದೊರೆತ ಬಿಡುವಿನಲ್ಲಿ ಒಂದು ಪಟ್ಟಿ ಮುಂದುವರಿಯುತ್ತಿತ್ತು, ಮಡಚಿಡಲಾಗುತ್ತಿತ್ತು, ಮತ್ತೆ ತೆರೆಯಲಾಗುತ್ತಿತ್ತು. ಅಂದರೆ ಅರ್ಧಕ್ಕೆ ನಿಲ್ಲಿಸುವುದೂ ಮರಳಿ ಬರುವುದೂ ಆ ಕಲೆಯ ರಚನೆಯಲ್ಲೇ ಅಡಕವಾಗಿತ್ತು.

ವಿನ್ಯಾಸಗಳನ್ನು ಬಟ್ಟೆಯ ಮೇಲೆ ಬರೆದುಕೊಳ್ಳುತ್ತಿರಲಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚುತ್ತಿದ್ದರು. ಸೈಪ್ರೆಸ್ ಮರ, ಪಾಷಾನ ಡೇರೆ, ತಾಯಿತ, ಹಕ್ಕಿ, ಗುಲಾಬಿ ಇವೆಲ್ಲ ಎಣಿಕೆಯಿಂದ ಎಣಿಕೆಗೆ, ತಾಯಿಯಿಂದ ಮಗಳಿಗೆ ದಾಟಿ ಬಂದವು. ರಾಮಲ್ಲಾದ ಬಿಳಿ ಲಿನನ್ನಿನ ಮೇಲಿನ ಕೆಂಪು ಕಸೂತಿಯನ್ನೂ ಬೆತ್ಲೆಹೇಮಿನ ಜರಿಯ ಎಳೆ ಕೂರಿಸಿದ ಎದೆಪಟ್ಟಿಯನ್ನೂ ಕಂಡವರು, ಉಟ್ಟವಳು ಯಾವ ಕಡೆಯವಳೆಂದು ಗುರುತಿಸಬಲ್ಲವರಾಗಿದ್ದರು. ನಗಬ್ ಮರುಭೂಮಿಯ ಬದೂಯಿ ಮಹಿಳೆಯರಲ್ಲಿ ವಿಧವೆಯ ಉಡುಪಿನ ಕಸೂತಿ ನೀಲಿ ಬಣ್ಣದ್ದಾಗಿರುತ್ತಿತ್ತು. ಆಕೆ ಮರುಮದುವೆಗೆ ಸಿದ್ಧಳಾದಾಗ ಅದೇ ನೀಲಿಯ ನಡುವೆ ಕೆಂಪಿನ ಹೊಲಿಗೆಗಳನ್ನು ಸೇರಿಸುತ್ತಿದ್ದಳು. ಉಡುಪು ಹಳತಾಗಿ ಹರಿದರೆ ಕಸೂತಿಯ ಪಟ್ಟಿಗಳನ್ನು ಬಿಚ್ಚಿ ಹೊಸ ಬಟ್ಟೆಗೆ ಕೂಡಿಸಲಾಗುತ್ತಿತ್ತು. ಬಟ್ಟೆ ಸವೆಯುತ್ತಿತ್ತು, ಆದರೆ ಶ್ರಮವನ್ನು ಯಾರೂ ಎಸೆಯುತ್ತಿರಲಿಲ್ಲ.

ದಾರ ಬಂದ ದಾರಿ

ಆ ಕಾಲದಲ್ಲಿ ದಾರ ಅಗ್ಗದ ವಸ್ತುವಾಗಿರಲಿಲ್ಲ. ರೇಷ್ಮೆಯ ದಾರ ಸಿರಿಯಾದಿಂದ ಬರುತ್ತಿತ್ತು, ಅದನ್ನು ತೂಗಿ ಮಾರುತ್ತಿದ್ದರು. ಹಳ್ಳಿಯ ಮಹಿಳೆ ಪೇಟೆಗೆ ಹೋದಾಗಲೋ ತಿರುಗುವ ವ್ಯಾಪಾರಿ ಬಾಗಿಲಿಗೆ ಬಂದಾಗಲೋ ಬೇಕಾದಷ್ಟೇ ಕೊಳ್ಳುತ್ತಿದ್ದಳು. ಕರಾವಳಿಯ ಮಜ್ದಲ್ ಪಟ್ಟಣದ ಮಗ್ಗಗಳು ಅವಳಿಗೆ ಬಟ್ಟೆಯನ್ನು ಒದಗಿಸುತ್ತಿದ್ದವು. ಮಖಮಲ್ಲಿನಂತಹ ಎಳೆ ಎಣಿಸಲಾಗದ ಬಟ್ಟೆಯ ಮೇಲೂ ಕ್ರಾಸ್ ಸ್ಟಿಚ್ ಹಾಕಲು ಒಂದು ಜಾಣ ಉಪಾಯವಿತ್ತು. ಬಿಡಿ ನೇಯ್ಗೆಯ ಜಾಳು ಬಟ್ಟೆಯೊಂದನ್ನು ಮೇಲೆ ಟಾಕಿ, ಅದರ ಎಳೆಗಳನ್ನು ಎಣಿಸಿ ಕಸೂತಿ ಮುಗಿಸಿ, ಆಮೇಲೆ ಆ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು. ಹೂವು ಮಖಮಲ್ಲಿನ ಮೇಲೆ ಉಳಿಯುತ್ತಿತ್ತು.

1930ರ ದಶಕದ ವೇಳೆಗೆ ಫ್ರಾನ್ಸಿನ ಡಿಎಂಸಿ ಕಂಪೆನಿಯ ಹೊಳಪಿನ ಹತ್ತಿ ದಾರ ಮಾರುಕಟ್ಟೆಗೆ ಬಂತು. ಅದರೊಂದಿಗೆ ಯುರೋಪಿನ ಹೂಬಳ್ಳಿಗಳ ಮಾದರಿ ಪುಸ್ತಿಕೆಗಳೂ ಬಂದವು. ಹಳ್ಳಿಯ ಮಹಿಳೆಯರು ಅವುಗಳನ್ನು ಕಣ್ಣುಮುಚ್ಚಿ ನಕಲು ಮಾಡಲಿಲ್ಲ, ತಮಗೆ ಒಪ್ಪಿದ್ದನ್ನು ಹಳೆಯ ವಿನ್ಯಾಸಗಳ ಪಕ್ಕದಲ್ಲಿ ಕೂರಿಸಿಕೊಂಡರು. ಬಣ್ಣಕ್ಕೊಂದು ಸಂಖ್ಯೆಯಿರುವ ಅಂತಹದೇ ದಾರದ ಲಡಿಗಳು ನಮ್ಮೂರಿನ ಫ್ಯಾನ್ಸಿ ಅಂಗಡಿಗಳಲ್ಲೂ ದೊರೆಯುತ್ತವೆ.

1948: ಸೂಜಿ ನಿಂತ ವರ್ಷ

1948ರ ‘ನಕ್ಬಾ’ದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಫೆಲೆಸ್ತೀನಿಯರು ಮನೆ, ಹೊಲ, ಊರುಗಳನ್ನು ಕಳೆದುಕೊಂಡು ನಿರಾಶ್ರಿತರಾದರು. ನೂರಾರು ಹಳ್ಳಿಗಳು ನಿರ್ಜನವಾದವು. ಮಜ್ದಲ್‌ನಲ್ಲಿ ಅಳಿದುಳಿದಿದ್ದವರನ್ನೂ 1950ರಲ್ಲಿ ಗಾಝಾಕ್ಕೆ ಸಾಗಿಸಲಾಯಿತು. ಬಟ್ಟೆ ನೇಯುತ್ತಿದ್ದ ಊರೇ ಇಲ್ಲವಾಯಿತು. ಮದುವೆಗೆಂದು ವರ್ಷಗಟ್ಟಲೆ ಕೂಡಿಟ್ಟ ಪಟ್ಟಿಗಳು, ದಾರಗಳು ಬೀಗ ಹಾಕಿದ ಮನೆಗಳೊಳಗೆ ಉಳಿದವು. ಕೆಲವೇ ದಿನಗಳಲ್ಲಿ ಹಿಂದಿರುಗುತ್ತೇವೆಂಬ ನಂಬಿಕೆಯಿಂದ ಕೀಲಿಕೈಯನ್ನು ಮಾತ್ರ ಜೊತೆಗೊಯ್ದವರು ಎಷ್ಟೋ ಮಂದಿ.

ಡೇರೆಗಳ ಶಿಬಿರದಲ್ಲಿ ಅನ್ನವೇ ಪಡಿತರದಲ್ಲಿ ಬರುತ್ತಿದ್ದಾಗ ರೇಷ್ಮೆಯ ದಾರ ಎಲ್ಲಿಂದ ಬರಬೇಕು? ಮೈಮೇಲೆ ಉಟ್ಟು ಬಂದಿದ್ದ ಅಮೂಲ್ಯ ಥೋಬ್‌ಗಳನ್ನು ಹೊಟ್ಟೆಪಾಡಿಗಾಗಿ ಮಾರಿದವರೂ ಇದ್ದರು. ಆ ವರ್ಷಗಳ ಉಡುಪುಗಳಲ್ಲಿ ಕಸೂತಿ ವಿರಳವಾಯಿತು. ಹಳ್ಳಿಯೇ ಇಲ್ಲದ ಮೇಲೆ ಹಳ್ಳಿಯ ಗುರುತಾಗಿದ್ದ ವಿನ್ಯಾಸಕ್ಕೆ ಏನರ್ಥ? ಅಲ್ಲಿಗೆ ಈ ಕಲೆ ಮುಗಿಯಿತೆಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪೆನ್ನುವಂತಿರಲಿಲ್ಲ.

ಮರಳಿ ಸೂಜಿ ಹಿಡಿದವರು

ಆದರೆ ಅದು ಮುಗಿಯಲಿಲ್ಲ. ಶಿಬಿರಗಳಲ್ಲಿ ಬೇರೆ ಬೇರೆ ಹಳ್ಳಿಗಳ ಮಹಿಳೆಯರು ಒಂದೇ ಓಣಿಯಲ್ಲಿ ಬಾಳತೊಡಗಿದಾಗ ಒಬ್ಬರ ವಿನ್ಯಾಸವನ್ನು ಇನ್ನೊಬ್ಬರು ಕಲಿತರು. ರೇಷ್ಮೆಯಿಲ್ಲದಿದ್ದರೆ ಹತ್ತಿ ದಾರ, ಲಿನನ್ನಿಲ್ಲದಿದ್ದರೆ ಸಿಂಥೆಟಿಕ್ ಬಟ್ಟೆ. ನಿರಾಶ್ರಿತರಿಗಾಗಿರುವ ವಿಶ್ವಸಂಸ್ಥೆಯ ಅಂಗಸಂಸ್ಥೆಯು ಗಾಝಾದಲ್ಲಿ ‘ಸುಲಾಫಾ’ ಎಂಬ ಕಸೂತಿ ಯೋಜನೆಯನ್ನು ನಡೆಸಿತು. 1965ರಲ್ಲಿ ಸಮೀಹಾ ಖಲೀಲ್ ಅವರು ಅಲ್ ಬೀರಾ ಪಟ್ಟಣದಲ್ಲಿ ‘ಇನ್‌ಆಶುಲ್ ಉಸ್ರಾ’ ಸಂಸ್ಥೆಯನ್ನು ಕಟ್ಟಿದರು. 1969ರಲ್ಲಿ ಲೆಬನಾನಿನ ಶಿಬಿರಗಳ ಮಹಿಳೆಯರಿಗಾಗಿ ‘ಇನ್‌ಆಶ್’ ಸಂಘ ಆರಂಭವಾಯಿತು. ಮದುವೆಗಾಗಿ ಮಾಡುತ್ತಿದ್ದ ಕಸೂತಿ ಈಗ ಮಕ್ಕಳ ಶಾಲಾ ಶುಲ್ಕವಾಯಿತು, ಒಲೆಯ ಮೇಲಿನ ಗಂಜಿಯಾಯಿತು.

1987ರ ಕೊನೆಯಲ್ಲಿ ಮೊದಲ ಇಂತಿಫಾದಾ ಆರಂಭವಾದಾಗ ಫೆಲೆಸ್ತೀನಿನ ಧ್ವಜವನ್ನು ಬಹಿರಂಗವಾಗಿ ಹಾರಿಸಲು ಆಕ್ರಮಿತ ಪ್ರದೇಶಗಳಲ್ಲಿ ಅವಕಾಶವಿರಲಿಲ್ಲ. ಮಹಿಳೆಯರು ಧ್ವಜದ ಬಣ್ಣಗಳನ್ನೂ ನಾಡಿನ ನಕಾಶೆಯನ್ನೂ ಕುಬ್ಬತುಸ್ಸಖ್ರಾದ ಗುಮ್ಮಟವನ್ನೂ ತಮ್ಮ ಥೋಬ್‌ಗಳ ಮೇಲೆ ಕಸೂತಿ ಮಾಡಿ ಉಟ್ಟರು. ಕೈಯಲ್ಲಿದ್ದ ಧ್ವಜವನ್ನು ಸೈನಿಕನು ಕಸಿದುಕೊಳ್ಳಬಹುದಿತ್ತು. ಉಟ್ಟ ಬಟ್ಟೆಯನ್ನು ಕಸಿಯುವುದು ಸುಲಭವಿರಲಿಲ್ಲ.

ಸಂಗ್ರಹವೂ ಒಂದು ಬಗೆಯ ಮರಳುವಿಕೆಯೇ ಆಗಿತ್ತು. ಬೆತ್ಲೆಹೇಮಿನಲ್ಲಿ ಬೆಳೆದ ವಿದಾದ್ ಕವಾರ್ ಅವರು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಉಡುಪುಗಳನ್ನು ಕೂಡಿಹಾಕಿದರು. ಉಡುಪಿನ ಜೊತೆಗೆ ಅದನ್ನು ಹೊಲಿದವಳ ಕಥೆಯನ್ನೂ ಕೇಳಿಕೊಂಡರು. ಆ ಸಂಗ್ರಹವು 2015ರಲ್ಲಿ ಅಮ್ಮಾನ್ ನಗರದಲ್ಲಿ ‘ತಿರಾಝ್’ ಎಂಬ ಹೆಸರಿನಿಂದಲೇ ಸಾರ್ವಜನಿಕರಿಗೆ ತೆರೆಯಿತು. 2021ರಲ್ಲಿ ಯುನೆಸ್ಕೋ ಸಂಸ್ಥೆಯು ಫೆಲೆಸ್ತೀನಿನ ಕಸೂತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇದಾಗಿ ಎರಡೇ ವರ್ಷಗಳಲ್ಲಿ, 2023ರ ಅಕ್ಟೋಬರ್‌ನಲ್ಲಿ, ಗಾಝಾದ ರಫಾ ವಸ್ತುಸಂಗ್ರಹಾಲಯವು ಬಾಂಬ್ ದಾಳಿಯಲ್ಲಿ ನೆಲಸಮವಾಯಿತು. ಕಸೂತಿಯ ಉಡುಪುಗಳನ್ನು ಕಲ್ಲುಮಣ್ಣಿನ ರಾಶಿಯಿಂದ ಹೆಕ್ಕಬೇಕಾಯಿತು. ಎತ್ತಿಕೊಳ್ಳುವುದು, ಧೂಳು ಕೊಡವುವುದು, ಮತ್ತೆ ಆರಂಭಿಸುವುದು. ಆ ಜನತೆಗೆ ಇದು ಹೊಸತಲ್ಲ.

ನಮ್ಮ ಪೆಟ್ಟಿಗೆಯ ಮುಂದೆ

ಪವಿತ್ರ ಕುರ್‌ಆನಿನ ಸೂರಃ ಅನ್ನಹ್ಲ್‌ನ 92ನೆಯ ಸೂಕ್ತದಲ್ಲಿ ಒಂದು ಉಪಮೆ ಬಂದಿದೆ. ಶ್ರಮಪಟ್ಟು ಗಟ್ಟಿಯಾಗಿ ನೂತ ನೂಲನ್ನು ಓರ್ವಳು ತಾನೇ ಎಳೆಎಳೆಯಾಗಿ ಬಿಚ್ಚಿಹಾಕುತ್ತಾಳೆ, ಅವಳಂತಾಗಬೇಡಿರೆಂದು ನಮಗೆ ಎಚ್ಚರಿಕೆ ನೀಡಲಾಗಿದೆ. ಆ ಸೂಕ್ತವು ಮುಖ್ಯವಾಗಿ ಕರಾರು ಮತ್ತು ಪ್ರತಿಜ್ಞೆಗಳನ್ನು ಮುರಿಯುವವರ ಕುರಿತಾಗಿದೆ, ಅದನ್ನು ದಿಂಬಿನ ಕವರಿಗೆ ಇಳಿಸುವುದು ನಮ್ಮ ಉದ್ದೇಶವಲ್ಲ. ಆದರೆ ಕೊಟ್ಟ ಮಾತಿನ ಮೌಲ್ಯವನ್ನು ತಿಳಿಸಲು ಅಲ್ಲಾಹನು ಮನೆಯಲ್ಲಿ ಕುಳಿತು ನೂಲುವ ಹೆಣ್ಣಿನ ಶ್ರಮವನ್ನೇ ಉಪಮೆಯಾಗಿ ಆರಿಸಿದನೆಂಬುದನ್ನು ನಾವು ಗಮನಿಸದಿರಲಾಗದು. ಸಣ್ಣದಾದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂಬ ಪ್ರವಾದಿ(ಸ)ರ ಬೋಧನೆಯೂ ನಮಗೆ ತಿಳಿದದ್ದೇ.

ನಮ್ಮ ಸ್ಥಿತಿ ಅವರದರ ತದ್ವಿರುದ್ಧ. ಅವರಿಗೆ ಮನಸ್ಸಿತ್ತು, ದಾರವಿರಲಿಲ್ಲ. ನಮಗೆ ಪೆಟ್ಟಿಗೆ ತುಂಬ ದಾರವಿದೆ. ಕೊಳ್ಳುವಾಗ ಸಿಗುವ ಸಂತೋಷವನ್ನೇ ನಾವು ಕೆಲಸವೆಂದು ಭಾವಿಸುತ್ತೇವೆ. ಸಾಮಗ್ರಿ ಕೂಡಿಡುವುದು ತಪ್ಪಲ್ಲ, ಆದರೆ ಮೊದಲು ಇರುವುದನ್ನು ಹೊರತೆಗೆಯೋಣ. ತುಕ್ಕು ಹಿಡಿದ ಸೂಜಿಗಳನ್ನು ಬೇರ್ಪಡಿಸೋಣ, ಅವು ಬಟ್ಟೆಗೆ ಕಲೆ ಮಾಡುತ್ತವೆ. ನಿಂತುಹೋದ ಕಸೂತಿಯನ್ನು ಮಗುಚಿ ಹಿಂಬದಿಯನ್ನು ನೋಡೋಣ. ಎಳೆಗಳು ಯಾವ ಕಡೆಯಿಂದ ಯಾವ ಕಡೆಗೆ ಸಾಗಿವೆ, ತಾಯಿಯ ಕೈ ಎಲ್ಲಿ ತಿರುಗಿತು, ಎಲ್ಲಿ ನಿಂತಿತು ಎಂಬುದನ್ನು ಆ ಬದಿ ತೋರಿಸುತ್ತದೆ. ಹಳೆಯ ದಾರದ ಬಣ್ಣ ಮಾಸಿರುವುದರಿಂದ ಹೊಸ ದಾರ ಪೂರ್ತಿ ಹೊಂದದಿರಬಹುದು. ಹೊಂದದಿದ್ದರೂ ನಷ್ಟವೇನಿಲ್ಲ. ಎರಡು ತಲೆಮಾರುಗಳ ಕೈ ಎಲ್ಲಿ ಕೂಡಿತೆಂದು ಆ ಗೆರೆ ಮೊಮ್ಮಕ್ಕಳಿಗೆ ತಿಳಿಸುತ್ತದೆ.

ಇಶಾ ನಮಾಝಿನ ಬಳಿಕ ಮೊಬೈಲನ್ನು ಬದಿಗಿಟ್ಟು ಹತ್ತು ಹೊಲಿಗೆ ಹಾಕಿದರೂ ಸಾಕು. ಹೆಣ್ಣುಮಕ್ಕಳನ್ನಷ್ಟೇ ಅಲ್ಲ, ಗಂಡುಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳೋಣ. ಮಜ್ದಲ್‌ನ ಮಗ್ಗಗಳಲ್ಲಿ ಆ ಬಟ್ಟೆ ನೇಯುತ್ತಿದ್ದವರು ಗಂಡಸರೆಂದು ಅವರಿಗೆ ಹೇಳೋಣ. ಕಸೂತಿಯನ್ನೇ ಜೀವನೋಪಾಯವಾಗಿಸಿಕೊಂಡ ಸಹೋದರಿಯರು ನಮ್ಮ ನೆರೆಯಲ್ಲಿದ್ದರೆ ಅವರ ಬಳಿ ಚೌಕಾಶಿ ಮಾಡದೆ ಶ್ರಮಕ್ಕೆ ತಕ್ಕ ಬೆಲೆ ಕೊಡೋಣ.

ಬೀಗ ಹಾಕಿದ ಮನೆಯೊಳಗೆ ಪಟ್ಟಿಗಳನ್ನು ಬಿಟ್ಟು ಹೊರಟ ಆ ಮಹಿಳೆಯರಿಗೆ ಮರಳಿ ಹೋಗಿ ಪೆಟ್ಟಿಗೆ ತೆರೆಯುವ ಭಾಗ್ಯ ಸಿಗಲಿಲ್ಲ. ನಮ್ಮ ಪೆಟ್ಟಿಗೆ ಇನ್ನೂ ಕೈಗೆಟಕುವ ದೂರದಲ್ಲಿದೆ. ಆರಂಭಿಸಿದ ಒಳಿತನ್ನು ಪೂರ್ತಿಗೊಳಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೂ, ತಮ್ಮ ಮನೆಯ ಬಾಗಿಲನ್ನು ಮರಳಿ ತೆರೆಯುವ ದಿನವನ್ನು ಅವರ ಮಕ್ಕಳಿಗೂ ಕರುಣಿಸಲಿ. ಆಮೀನ್.