ಕಾರವಾರ–ಅಂಕೋಲೆಯ ಸಾರಸ್ವತರು ಮತ್ತು ಸಿದ್ದಿಗಳು: ಆರ್ಥಿಕ ಸ್ಥಿತಿಗತಿಯ ಹೋಲಿಕೆ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ, ಅವುಗಳ ಬೆನ್ನಿಗಿರುವ ಘಟ್ಟದ ಸೀಮೆಯಲ್ಲಿ ಗೋವೆಯ ದಿಕ್ಕಿನಿಂದ ಬಂದು ನೆಲೆಸಿದ ಸಮುದಾಯಗಳು ಹಲವು. ಅವುಗಳಲ್ಲಿ ಸಾರಸ್ವತರು ಮತ್ತು ಸಿದ್ದಿಗಳು ಆರ್ಥಿಕವಾಗಿ ಎರಡು ತುದಿಗಳಲ್ಲಿ ನಿಂತವರು. ಇಬ್ಬರ ವಲಸೆಗೂ ಪೋರ್ಚುಗೀಸರ ಆಳ್ವಿಕೆಯೇ ಹಿನ್ನೆಲೆ. ಸಾರಸ್ವತರು ವ್ಯಾಪಾರ, ಲೆಕ್ಕಪತ್ರ, ಭೂಒಡೆತನಗಳಿಂದ ಮೊದಲುಗೊಂಡು ಬ್ಯಾಂಕು, ವಕೀಲಿಕೆ, ಸರ್ಕಾರಿ ನೌಕರಿಗಳವರೆಗೆ ಬೆಳೆದರು. ಸಿದ್ದಿಗಳು ಕಾಡಂಚಿನ ಕೂಲಿ, ಜೀತ ಮತ್ತು ಹಕ್ಕುಪತ್ರವಿಲ್ಲದ ಸಾಗುವಳಿಯಲ್ಲಿ ತಲೆಮಾರುಗಳನ್ನು ಕಳೆದರು. ಈ ಅಂತರಕ್ಕೆ ಕುಲದ ಗುಣವನ್ನು ಕಾರಣವಾಗಿ ಹೇಳುವ ರೂಢಿ ಊರುಗಳಲ್ಲಿ ಇಂದಿಗೂ ಇದೆ. ಚರಿತ್ರೆ ಅದನ್ನು ಒಪ್ಪುವುದಿಲ್ಲ. ವಲಸೆ ಬಂದ ಬಗೆ, ನೆಲದ ದಾಖಲೆ, ಅಕ್ಷರ ಮತ್ತು ಸಾಲ ಸಿಗುವ ದಾರಿ, ಈ ನಾಲ್ಕೇ ಎರಡೂ ಸಮುದಾಯಗಳ ಬದುಕನ್ನು ಬೇರೆ ಮಾಡಿದವು.

ವಲಸೆಯ ಹಿನ್ನೆಲೆ

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡರು. 1560ರಲ್ಲಿ ಅಲ್ಲಿ ಧರ್ಮವಿಚಾರಣಾ ನ್ಯಾಯಾಲಯ (ಇನ್‌ಕ್ವಿಸಿಷನ್) ಆರಂಭವಾಯಿತು. ದೇವಾಲಯಗಳ ನಾಶ ಮತ್ತು ಮತಾಂತರದ ಒತ್ತಡದಿಂದ ಅನೇಕ ಕೊಂಕಣಿ ಕುಟುಂಬಗಳು ದೇವರ ವಿಗ್ರಹಗಳೊಂದಿಗೆ ದಕ್ಷಿಣಕ್ಕೆ ಹೊರಟವು. ಕಾರವಾರ, ಅಂಕೋಲಾ, ಗೋಕರ್ಣ, ಭಟ್ಕಳ, ಮಂಗಳೂರು ಮಾರ್ಗವಾಗಿ ಈ ವಲಸೆ ಕೊಚ್ಚಿಯವರೆಗೂ ಹಬ್ಬಿತು. ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ಪೋರ್ಚುಗೀಸರು 1505ರಲ್ಲೇ ಕೋಟೆ ಕಟ್ಟಿದ್ದರು. ಅಂಕೋಲೆಯ ಆರ್ಯಾದುರ್ಗಾ ದೇವಿಯ ಮೂಲಸ್ಥಾನ ಆ ದ್ವೀಪವೇ ಎಂಬುದು ಭಕ್ತರ ಪರಂಪರಾಗತ ನಂಬಿಕೆ.

ಸಾರಸ್ವತರು ಊರು ಬಿಟ್ಟರೂ ಬರಿಗೈಯಲ್ಲಿ ಬಂದವರಲ್ಲ. ಓದುಬರಹ, ವ್ಯಾಪಾರದ ಅನುಭವ, ಕರಾವಳಿಯ ಬಂದರುಗಳಲ್ಲಿ ಹರಡಿದ್ದ ನೆಂಟರ ಬಳಗ ಮತ್ತು ಮಠ–ದೇವಸ್ಥಾನಗಳ ಆಶ್ರಯ ಅವರೊಂದಿಗಿದ್ದವು. ಗೋವೆಯ ಪರ್ತಗಾಳಿ ಹಾಗೂ ಕವಳೆ ಮಠಗಳು, 1708ರಲ್ಲಿ ಗೋಕರ್ಣದಲ್ಲಿ ಸ್ಥಾಪನೆಯಾಗಿ ಮುಂದೆ ಶಿರಾಲಿಯಲ್ಲಿ ನೆಲೆಗೊಂಡ ಚಿತ್ರಾಪುರ ಮಠ, ಇವು ಧರ್ಮಪೀಠಗಳಾಗಿದ್ದಂತೆಯೇ ಸಮುದಾಯವನ್ನು ಒಟ್ಟಿಗೆ ಹಿಡಿದಿಟ್ಟ ಸಂಸ್ಥೆಗಳೂ ಆಗಿದ್ದವು.

ಸಿದ್ದಿಗಳು ಆಗ್ನೇಯ ಆಫ್ರಿಕದ ಬಾಂಟು ಜನರ ವಂಶಸ್ಥರು. ಅರಬ್ ಮತ್ತು ಪೋರ್ಚುಗೀಸ್ ವ್ಯಾಪಾರಿಗಳು ಅವರ ಪೂರ್ವಿಕರಲ್ಲಿ ಹೆಚ್ಚಿನವರನ್ನು ಗುಲಾಮರಾಗಿ ಪಶ್ಚಿಮ ಕರಾವಳಿಗೆ ತಂದರು. ಗೋವೆಯ ಒಡೆಯರ ಮನೆಗಳಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಗಡಿ ದಾಟಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಶಿರಸಿ ಮತ್ತು ಅಂಕೋಲಾ ತಾಲ್ಲೂಕುಗಳ ಕಾಡು ಸೇರಿದರು. ಪೋರ್ಚುಗಲ್ ತನ್ನ ಅಧೀನ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ಕಾನೂನಿನಿಂದ ರದ್ದುಮಾಡಿದ್ದು 1869ರಲ್ಲಿ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಪಾಲ್ಗೊಂಡು 2011ರಲ್ಲಿ ಪ್ರಕಟಿಸಿದ ತಳಿವೈಜ್ಞಾನಿಕ ಅಧ್ಯಯನವೂ ಸಿದ್ದಿಗಳ ಆಫ್ರಿಕನ್ ಮೂಲವನ್ನು ದೃಢಪಡಿಸಿದೆ. ತಪ್ಪಿಸಿಕೊಂಡು ಬಂದವನಿಗೆ ಬೇಕಾದದ್ದು ಅಡಗಲು ಜಾಗ; ಪೇಟೆಯಲ್ಲಿ ಅಂಗಡಿ ಇಡುವುದಾಗಲಿ ಹೆಸರು ಬರೆಸುವುದಾಗಲಿ ಅವನಿಂದಾಗದ ಮಾತು. ಕಾಡು ಅವರ ಜೀವ ಉಳಿಸಿತು. ಅದೇ ಕಾಡು ಮಾರುಕಟ್ಟೆ, ಶಾಲೆ, ಕಚೇರಿಗಳಿಂದ ಅವರನ್ನು ದೂರವೂ ಇರಿಸಿತು.

ಜನಸಂಖ್ಯೆ ಮತ್ತು ನೆಲೆ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರೆಂದು ದಾಖಲಾದ ಸಿದ್ದಿಗಳ ಸಂಖ್ಯೆ 10,477. ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ. ಯಲ್ಲಾಪುರ, ಅಂಕೋಲಾ ಭಾಗದಲ್ಲಿ ಹಿಂದೂಗಳೂ ಹಳಿಯಾಳದ ಕಡೆ ಕ್ರೈಸ್ತರು, ಮುಸ್ಲಿಮರೂ ಹೆಚ್ಚು. ಅಂಕೋಲಾ ತಾಲ್ಲೂಕಿನಲ್ಲಿ ಇವರ ವಸತಿಗಳಿರುವುದು ಸಮುದ್ರದ ಕಡೆಗಲ್ಲ, ಯಲ್ಲಾಪುರದ ಗಡಿಗೆ ಹೊಂದಿದ ಘಟ್ಟದ ಬದಿಯ ಹಳ್ಳಿಗಳಲ್ಲಿ. ಸಾರಸ್ವತರ ನೆಲೆ ಕಾರವಾರ ನಗರ, ಸದಾಶಿವಗಡ, ಅಂಕೋಲಾ ಪೇಟೆ ಮತ್ತು ಕರಾವಳಿಯ ಫಲವತ್ತಾದ ಗ್ರಾಮಗಳು.

ಕಾರವಾರದಲ್ಲಿ ಕೊಂಕಣಿ ಮಾತನಾಡುವವರೆಲ್ಲ ಸಾರಸ್ವತರಲ್ಲ. ಖಾರ್ವಿ, ಗಾಬಿತ, ದೈವಜ್ಞ, ಕೋಮಾರಪಂತ, ಭಂಡಾರಿ, ಪಡ್ತಿ, ಕ್ರೈಸ್ತ ಸಮುದಾಯಗಳ ಆರ್ಥಿಕ ಚರಿತ್ರೆಗಳು ಬೇರೆಬೇರೆಯಾದವು. ಅವು ಈ ಲೇಖನದ ವ್ಯಾಪ್ತಿಯಲ್ಲಿ ಬರುವುದಿಲ್ಲ.

ಭೂಮಿ

ಕೆಳದಿ ಮತ್ತು ಸೋದೆ ಅರಸರ ಕಾಲದಲ್ಲಿ ಕಂದಾಯ ವಸೂಲಿಗೆ ಲೆಕ್ಕ ಬಲ್ಲವರು ಬೇಕಿದ್ದರು. ಚಿತ್ರಾಪುರ ಸಾರಸ್ವತರಲ್ಲಿ ಅನೇಕರು ಶಾನುಭೋಗಿಕೆ ಹಿಡಿದದ್ದು ಈ ಅಗತ್ಯದಿಂದಲೇ. ಆ ಕಾಲದ ಲೆಕ್ಕದ ಪುಸ್ತಕ ಕಡತ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಪದರಪದರವಾಗಿ ಮಡಚಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ಯಾವ ಗದ್ದೆ ಯಾರದು, ಗಡಿ ಎಲ್ಲಿ, ತೆರಿಗೆ ಎಷ್ಟು, ಬಾಕಿ ಎಷ್ಟು ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಹೆಸರು ಕಡತದಲ್ಲಿದ್ದವನಿಗೆ ನೆಲ ದಕ್ಕಿತು. 1799ರಲ್ಲಿ ಬ್ರಿಟಿಷರು ಕೆನರಾವನ್ನು ವಶಪಡಿಸಿಕೊಂಡು ಕಂದಾಯ ವ್ಯವಸ್ಥೆಯನ್ನು ಹೊಸದಾಗಿ ಹೊಂದಿಸಿದಾಗಲೂ ಅವರು ನೆಚ್ಚಿದ್ದು ಇಂಥ ಹಳೆಯ ಲೆಕ್ಕಗಳನ್ನೇ. ಹೀಗೆ ಕರಾವಳಿಯ ಗದ್ದೆಗಳಲ್ಲಿ ಸಾರಸ್ವತರೂ ಒಡೆಯರ ಸಾಲಿನಲ್ಲಿ ನಿಂತರು; ಹಾಲಕ್ಕಿ ಒಕ್ಕಲಿಗರು ಮತ್ತಿತರ ಬೇಸಾಯಗಾರರು ಗೇಣಿಗೆ ಉತ್ತರು.

ಸಿದ್ದಿಗಳ ಹೆಸರು ಈ ಲೆಕ್ಕಗಳಲ್ಲಿ ಬರಲು ಅವಕಾಶವೇ ಇರಲಿಲ್ಲ. ಕಾಡು ಕಡಿದು, ಸುಟ್ಟು ಬೆಳೆ ತೆಗೆಯುವ ಕುಮರಿ ಬೇಸಾಯವನ್ನು ಬ್ರಿಟಿಷ್ ಸರ್ಕಾರ 19ನೆಯ ಶತಮಾನದಲ್ಲಿ ಹಂತಹಂತವಾಗಿ ಬಿಗಿಮಾಡಿತು. 1878ರ ಅರಣ್ಯ ಕಾಯ್ದೆಯ ನಂತರ ಅವರು ಬದುಕಿದ್ದ ನೆಲ ಮೀಸಲು ಅರಣ್ಯವಾಯಿತು, ಅವರ ಸಾಗುವಳಿ ‘ಅತಿಕ್ರಮಣ’ವಾಯಿತು. ಅದೇ ಕಾಡಿನಲ್ಲಿ ಅಡಿಕೆ ತೋಟಿಗರಿಗೆ ಸೊಪ್ಪಿನ ಬೆಟ್ಟದ ಸವಲತ್ತು ದಾಖಲೆಯ ಸಮೇತ ಸಿಕ್ಕಿತು, ಏಕೆಂದರೆ ತೋಟಕ್ಕೆ ಕಂದಾಯ ಕಟ್ಟಿದ ಲೆಕ್ಕ ಅವರ ಬಳಿ ಇತ್ತು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಕರ್ನಾಟಕ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಕರಾವಳಿಯ ಚಿತ್ರವನ್ನು ಬದಲಿಸಿತು. ಅಂಕೋಲೆಯಲ್ಲಿ ದಿನಕರ ದೇಸಾಯಿಯವರ ನೇತೃತ್ವದಲ್ಲಿ ಸ್ವಾತಂತ್ರ್ಯಪೂರ್ವದಲ್ಲೇ ಗೇಣಿ ರೈತರ ಹೋರಾಟ ನಡೆದಿತ್ತು. ಅದಕ್ಕಾಗಿ 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡೀಪಾರು ಮಾಡಲಾಗಿತ್ತು. ಕಾಯ್ದೆಯಿಂದ ಉಳುವವರು ಒಡೆಯರಾದರು, ಭೂಮಾಲೀಕ ಸಾರಸ್ವತ ಮನೆತನಗಳು ಗೇಣಿಯ ಆದಾಯ ಕಳೆದುಕೊಂಡವು. ದೇವಸ್ಥಾನದ ಅಥವಾ ಮನೆತನದ ಸಣ್ಣ ಗೇಣಿಯನ್ನೇ ನಂಬಿದ್ದ ಕುಟುಂಬಗಳು ನಿಜವಾಗಿಯೂ ಕಷ್ಟಕ್ಕೆ ಬಿದ್ದವು. ಆದರೆ ಆ ಹೊತ್ತಿಗೆ ಅವರಲ್ಲಿ ಅನೇಕರ ಮಕ್ಕಳು ಓದಿ ಮುಂಬಯಿ, ಹುಬ್ಬಳ್ಳಿ, ಬೆಂಗಳೂರುಗಳಲ್ಲಿ ನೌಕರಿ ಹಿಡಿದಿದ್ದರು. ಸಿದ್ದಿಗಳಿಗೆ ಈ ಕಾಯ್ದೆಯಿಂದ ದಕ್ಕಿದ್ದು ಅತ್ಯಲ್ಪ. ಕಾಯ್ದೆ ಗೇಣಿದಾರನನ್ನು ಗುರುತಿಸಿತು. ತೋಟದ ಕೂಲಿಯಾಳು ಗೇಣಿದಾರನಲ್ಲ.

ಸಾಲ, ಜೀತ ಮತ್ತು ಬ್ಯಾಂಕು

ಎರಡು ಸಮುದಾಯಗಳ ಅಂತರ ಅತ್ಯಂತ ನಿಚ್ಚಳವಾಗಿ ಕಾಣುವುದು ಸಾಲದ ವಿಷಯದಲ್ಲಿ. ಮದುವೆಗೋ ಕಾಯಿಲೆಗೋ ಮಳೆಗಾಲದ ಅಕ್ಕಿಗೋ ಸಿದ್ದಿ ಕುಟುಂಬ ತೋಟದ ಒಡೆಯರಲ್ಲಿ ಮುಂಗಡ ಪಡೆಯುತ್ತಿತ್ತು. ಅಡಮಾನಕ್ಕೆ ಇದ್ದದ್ದು ಮೈಬಲ ಮಾತ್ರ. ಬೇಲಿ ಕಟ್ಟುವುದು, ಸೊಪ್ಪು ತರುವುದು, ಮಣ್ಣು ಹೊರುವುದು, ಅಡಿಕೆ ಸುಲಿಯುವುದು ಎಂದು ವರ್ಷವಿಡೀ ದುಡಿದರೂ ಲೆಕ್ಕ ಬರೆದಿಟ್ಟುಕೊಳ್ಳುವ ಕೈ ಒಡೆಯರದೇ ಆದ್ದರಿಂದ ಸಾಲ ತೀರಿತೋ ಇಲ್ಲವೋ ಎಂದು ಕೇಳುವ ಶಕ್ತಿ ದುಡಿಯುವವನಿಗೆ ಇರಲಿಲ್ಲ. ಅಪ್ಪನ ಸಾಲಕ್ಕೆ ಮಗ ದುಡಿದ ಉದಾಹರಣೆಗಳೂ ಇದ್ದವು. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಈ ಸಂಬಂಧವನ್ನು ಅಪರಾಧವೆಂದು ಸಾರಿತು. ಅದೇ ವರ್ಷ ಪ್ರಕಟವಾದ ಟಿ. ಸಿ. ಪಾಲಾಕ್ಷಪ್ಪ ಅವರ ಅಧ್ಯಯನ ಉತ್ತರ ಕನ್ನಡದ ಸಿದ್ದಿಗಳ ಬದುಕನ್ನು ವಿದ್ವತ್‌ಲೋಕದ ಗಮನಕ್ಕೆ ತಂದ ಮೊದಲ ಕೃತಿಗಳಲ್ಲಿ ಒಂದು.

ಸಾರಸ್ವತರಲ್ಲಿ ಸಾಲವೇ ಬಂಡವಾಳವಾಯಿತು. 1862ರಲ್ಲಿ ಉತ್ತರ ಕೆನರಾ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಘಟ್ಟದ ಮೇಲಿನ ಹತ್ತಿಯನ್ನು ಸಾಗಿಸಲು ಕಾರವಾರ ಬಂದರಿಗೆ ಆಗ ಮಹತ್ವ ಬಂದಿತ್ತು. ಬಂದರಿನಿಂದ ಮುಂಬಯಿಗೆ ಹಡಗಿನ ದಾರಿ ಇತ್ತು. ಓದಿದ ಸಾರಸ್ವತ ಯುವಕರು ಅಲ್ಲಿನ ಕಚೇರಿ, ನ್ಯಾಯಾಲಯ, ಶಾಲೆಗಳನ್ನು ಸೇರಿದರು. ಅಲ್ಲಿ ಕಡಿಮೆ ಸಂಬಳದಲ್ಲಿ ಬಾಡಿಗೆ ಮನೆಯಲ್ಲಿದ್ದ ಜಾತಿಬಾಂಧವರಿಗೆ ನೆರವಾಗಲು ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರು 1906ರಲ್ಲಿ ತಮ್ಮ ಗುರು ಶಾಮರಾವ್ ವಿಠ್ಠಲ ಕೈಕಿಣಿ ಅವರ ಹೆಸರಿನಲ್ಲಿ ಸಹಕಾರಿ ಸಂಘ ಕಟ್ಟಿದರು. ಅದೇ ಇಂದಿನ ಎಸ್‌ವಿಸಿ ಬ್ಯಾಂಕು. ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ 1915ರಲ್ಲಿ, ಸಾರಸ್ವತ ಬ್ಯಾಂಕು 1918ರಲ್ಲಿ ಹುಟ್ಟಿದವು. ದಕ್ಷಿಣದಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು 1906ರಲ್ಲಿ ಸ್ಥಾಪಿಸಿದ ಕೆನರಾ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಆರಂಭವಾದ ಸಿಂಡಿಕೇಟ್ ಬ್ಯಾಂಕು ಇದೇ ಪರಂಪರೆಯವು. ಈ ಸಂಸ್ಥೆಗಳನ್ನು ಕಟ್ಟಿದವರ ದೂರದೃಷ್ಟಿಯನ್ನು ಮೆಚ್ಚಲೇಬೇಕು. ಅದರೊಂದಿಗೆ, ಕೂಡಿಡಲು ಕೈಯಲ್ಲಿ ಸಂಬಳ, ಬರೆಯಲು ಅಕ್ಷರ, ಜಾಮೀನಿಗೆ ನಿಲ್ಲಲು ನೆಂಟರು ಅವರಿಗಿದ್ದರು ಎಂಬುದನ್ನೂ ನೆನಪಿಡಬೇಕು.

ಶಿಕ್ಷಣ ಮತ್ತು ಉದ್ಯೋಗ

ಜಿಲ್ಲಾಕೇಂದ್ರವಾದ ಕಾರವಾರದಲ್ಲಿ ಕಚೇರಿ, ನ್ಯಾಯಾಲಯ, ಪ್ರೌಢಶಾಲೆಗಳು ಒಟ್ಟಿಗೆ ಬೆಳೆದವು. ಪೇಟೆಯಲ್ಲಿದ್ದವರ ಮಕ್ಕಳಿಗೆ ಶಾಲೆ ನಡೆದು ಹೋಗುವಷ್ಟು ದೂರ; ಘಟ್ಟದ ಮಕ್ಕಳಿಗೆ ನಡುವೆ ಹಳ್ಳ, ಕಾಡು. ದಿನಕರ ದೇಸಾಯಿಯವರು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಹಳ್ಳಿಹಳ್ಳಿಗೆ ಪ್ರೌಢಶಾಲೆ ಒಯ್ದು, 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟೆನರಿ ಕಾಲೇಜನ್ನು ತೆರೆದು ಈ ಅಸಮಾನತೆಯನ್ನು ಬಹುಮಟ್ಟಿಗೆ ತಗ್ಗಿಸಿತು. ಅದರ ಹೆಚ್ಚಿನ ಲಾಭ ಕರಾವಳಿಯ ರೈತ, ಮೀನುಗಾರ ಕುಟುಂಬಗಳಿಗೆ ದೊರೆಯಿತು. ಸಿದ್ದಿ ಮಕ್ಕಳು ದೊಡ್ಡ ಪ್ರಮಾಣದಲ್ಲಿ ಶಾಲೆ ಸೇರತೊಡಗಿದ್ದು ಆಶ್ರಮಶಾಲೆ, ವಸತಿನಿಲಯಗಳು ಬಂದ ಮೇಲೆ.

ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಯುವಕ–ಯುವತಿಯರನ್ನು ಆಯ್ದು ತರಬೇತಿ ಕೊಟ್ಟಿತು. ಕೆಲವರು ರಾಷ್ಟ್ರಮಟ್ಟದ ಓಟಗಾರರಾದರು, ಕ್ರೀಡಾ ಮೀಸಲಿನಲ್ಲಿ ಸರ್ಕಾರಿ ನೌಕರಿ ಪಡೆದರು. 1990ರ ದಶಕದ ಆರಂಭದಲ್ಲಿ ಸಿದ್ದಿಗಳ ಪಾಲಿಗೆ ಆ ಯೋಜನೆ ನಿಂತುಹೋದಾಗ ಮೇಲೇರುವ ಒಂದು ದಾರಿ ಅರ್ಧದಲ್ಲೇ ಮುಚ್ಚಿತು.

ಇದೇ ಕಾಲಕ್ಕೆ ಕಾರವಾರ–ಅಂಕೋಲೆಯ ಆರ್ಥಿಕತೆ ಹೊಸ ರೂಪ ಪಡೆಯಿತು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡಿತು, 2000ದಲ್ಲಿ ಕೈಗಾ ಅಣುಸ್ಥಾವರದ ಮೊದಲ ಘಟಕಗಳು ವಿದ್ಯುತ್ ಕೊಟ್ಟವು, 2005ರಲ್ಲಿ ಸೀಬರ್ಡ್ ಯೋಜನೆಯ ಐಎನ್‌ಎಸ್ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಇಂಥ ಯೋಜನೆಗಳ ಕಾಯಂ ಹುದ್ದೆಗಳಿಗೆ ಬೇಕಿದ್ದುದು ಪದವಿ, ಡಿಪ್ಲೊಮಾ, ಐಟಿಐ ಪ್ರಮಾಣಪತ್ರ. ತಲೆಮಾರುಗಳಿಂದ ಓದಿದ ಮನೆಗಳಿಗೆ ಅದು ಕೈಗೆಟಕುವಂತಿತ್ತು. ಮೊದಲ ಬಾರಿಗೆ ಶಾಲೆ ಕಂಡ ಮನೆಗಳಿಗೆ ಉಳಿದದ್ದು ಗುತ್ತಿಗೆಯ ದಿನಗೂಲಿ.

ಕಾನೂನಿನ ಮನ್ನಣೆ ಮತ್ತು ಅದರ ಫಲ

2003ರಲ್ಲಿ ಸಂಸತ್ತಿನ ಕಾಯ್ದೆಯ ಮೂಲಕ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು; ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳಿಗೆ ಈ ಮನ್ನಣೆ ಸಿಕ್ಕಿದ್ದು 2020ರಲ್ಲಿ. ವಿದ್ಯಾರ್ಥಿವೇತನ, ಉದ್ಯೋಗ ಮೀಸಲಾತಿ, ಪೌಷ್ಟಿಕ ಆಹಾರ ವಿತರಣೆ ಇದರಿಂದ ಸಾಧ್ಯವಾದವು. ಅದಕ್ಕಿಂತ ದೊಡ್ಡ ಫಲ ನೆಲದ ವಿಷಯದಲ್ಲಿ ದೊರೆಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟು ಕುಟುಂಬ 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿಯಲ್ಲಿದ್ದುದನ್ನು ತೋರಿಸಿದರೆ ಸಾಕು. ಇತರ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸದ ಪುರಾವೆ ಒದಗಿಸಬೇಕು. ದಾಖಲೆ ಇಲ್ಲದ್ದೇ ಮುಖ್ಯ ಬಡತನವಾಗಿದ್ದ ಸಮುದಾಯಕ್ಕೆ ಇದು ಬಹು ದೊಡ್ಡ ಅನುಕೂಲ. ಅನೇಕ ಸಿದ್ದಿ ಕುಟುಂಬಗಳು ಹಕ್ಕುಪತ್ರ ಪಡೆದು, ಅದೇ ನೆಲದಲ್ಲಿ ಅಡಿಕೆ, ಬಾಳೆ, ಭತ್ತ ಬೆಳೆಯುತ್ತಿವೆ.

ಈ ಹಕ್ಕುಪತ್ರಕ್ಕೂ ಮಿತಿ ಇದೆ. ಅದು ವಂಶಪಾರಂಪರ್ಯವಾಗಿ ಬರುತ್ತದೆ, ಆದರೆ ಮಾರಾಟ ಅಥವಾ ಪರಭಾರೆ ಮಾಡುವಂತಿಲ್ಲ. ನೆಲ ಕೈತಪ್ಪದಂತೆ ಕಾಯುವ ಈ ನಿಯಮವೇ ಬ್ಯಾಂಕಿನಲ್ಲಿ ಅಡವಿಟ್ಟು ಬಂಡವಾಳ ತರುವ ದಾರಿಯನ್ನೂ ಕಿರಿದಾಗಿಸುತ್ತದೆ. ನೆಲದಾಚೆ, ರಾಜಕೀಯ ಪ್ರಾತಿನಿಧ್ಯದಲ್ಲೂ ಒಂದು ಹೆಜ್ಜೆ ಮುಂದೆ ಬಿತ್ತು: 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ರಾಜ್ಯ ಶಾಸಕಾಂಗ ಪ್ರವೇಶಿಸಿದ ಮೊದಲ ಸಿದ್ದಿಯಾದರು.

ಕಾಡುತ್ಪತ್ತಿ ಮತ್ತು ಕೌದಿ

ಜೇನು, ಉಪ್ಪಾಗೆ, ಮುರುಗಲು, ಸೀಗೆಕಾಯಿ ಸಂಗ್ರಹ ಸಿದ್ದಿಗಳ ಉಪಆದಾಯ. ಹೆಣ್ಣುಮಕ್ಕಳು ಹೊಲಿಯುವ ಕೌದಿಗೂ ಈಗ ಮಾರುಕಟ್ಟೆ ಇದೆ. ಹಳೆಯ ಸೀರೆಯನ್ನು ಅಡಿಗೆ ಹಾಸಿ, ಬಣ್ಣಬಣ್ಣದ ತುಂಡುಗಳನ್ನು ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ಹೊಲಿಯುತ್ತ ಬರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫೂಲ’ ಕೂಡಿಸದೆ ಕೌದಿ ಮುಗಿಯುವುದಿಲ್ಲ. ಮನೆಬಳಕೆಗಷ್ಟೇ ಇದ್ದ ಈ ಕೌದಿ, ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಆಸಕ್ತಿಯಿಂದ 2004ರ ಸುಮಾರಿಗೆ ರೂಪುಗೊಂಡ ಮಹಿಳಾ ಸಹಕಾರದ ಮೂಲಕ ವಿದೇಶಕ್ಕೂ ತಲುಪಿತು. ಸಾರಸ್ವತರು ನೂರು ವರ್ಷ ಹಿಂದೆ ಹಿಡಿದ ಸಹಕಾರದ ದಾರಿಯನ್ನೇ ಸಿದ್ದಿ ಮಹಿಳೆಯರು ಚಿಕ್ಕ ಪ್ರಮಾಣದಲ್ಲಿ ಹಿಡಿದಿದ್ದಾರೆ.

ಬೇರೆಡೆಯ ನಿದರ್ಶನಗಳು

ಮೂಲ ಒಂದೇ ಆದರೂ ಫಲ ಬೇರೆಯಾಗಬಲ್ಲದು ಎಂಬುದಕ್ಕೆ ಸಿದ್ದಿಗಳದೇ ಇತಿಹಾಸ ಸಾಕ್ಷಿ. ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದ ಆಡಳಿತವನ್ನೇ ನಡೆಸಿ 1626ರಲ್ಲಿ ತೀರಿಕೊಂಡ. ಇದೇ ಪಶ್ಚಿಮ ಕರಾವಳಿಯ ಜಂಜೀರಾವನ್ನು ಸಿದ್ದಿ ನವಾಬರು 1948ರವರೆಗೆ ಆಳಿದರು. ಸೈನ್ಯ ಮತ್ತು ನೌಕಾಬಲದ ಮೂಲಕ ಬಂದವರು ಅರಸರಾದರು, ಓಡಿಬಂದವರು ಕೂಲಿಗಳಾದರು.

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವೇಲ್ಸ್ ಮತ್ತು ಸಮೋವಾ ಮೂಲದವರ ನಡುವಣ ವ್ಯತ್ಯಾಸವೂ ಇಂಥದ್ದೇ. ವೇಲ್ಸಿನವರು 19ನೆಯ ಶತಮಾನದಲ್ಲಿ ಗಣಿ ಮತ್ತು ಕಬ್ಬಿಣದ ಕಸುಬಿನ ನೈಪುಣ್ಯದೊಂದಿಗೆ ಪೆನ್ಸಿಲ್ವೇನಿಯಾಕ್ಕೆ ಹೋಗಿ, ಆ ಕೈಗಾರಿಕೆ ಬೆಳೆಯುವ ಕಾಲದಲ್ಲೇ ನೆಲೆಯೂರಿದರು. ಅಮೆರಿಕನ್ ಸಮೋವಾದ ಆಡಳಿತ 1951ರಲ್ಲಿ ನೌಕಾಪಡೆಯಿಂದ ಆಂತರಿಕ ವ್ಯವಹಾರಗಳ ಇಲಾಖೆಗೆ ಹೋದಾಗ, ನೌಕಾನೆಲೆಯ ಕೆಲಸ ನಿಂತ ಕುಟುಂಬಗಳು ಹವಾಯಿ, ಕ್ಯಾಲಿಫೋರ್ನಿಯಾಗಳಿಗೆ ಹೊರಟವು. ದುಬಾರಿ ನಗರಗಳಲ್ಲಿ ತಳಮಟ್ಟದ ಕೆಲಸಗಳಿಂದ ಅವರು ಆರಂಭಿಸಬೇಕಾಯಿತು. ಬಂದ ಕಾಲ, ಕೈಯಲ್ಲಿದ್ದ ಕಸುಬು, ಎದುರಿಗಿದ್ದ ಬಾಗಿಲು, ಇವುಗಳ ಲೆಕ್ಕ ಹಿಡಿಯದೆ ಎರಡು ಸಮುದಾಯಗಳ ಆದಾಯವನ್ನು ಹೋಲಿಸುವುದು ತಪ್ಪು ನಿರ್ಣಯಕ್ಕೆ ಒಯ್ಯುತ್ತದೆ.

ಹೋಲಿಕೆಯ ಮಿತಿ

ಪರಿಶಿಷ್ಟರನ್ನು ಬಿಟ್ಟರೆ ಉಳಿದ ಜಾತಿಗಳ ಅಂಕಿಸಂಖ್ಯೆ ಜನಗಣತಿಯ ವರದಿಗಳಲ್ಲಿ 1931ರ ನಂತರ ಪ್ರಕಟವಾಗಿಲ್ಲ. ಆದ್ದರಿಂದ ಈ ಹೋಲಿಕೆ ಆದಾಯದ ಕೋಷ್ಟಕಗಳ ಮೇಲಲ್ಲ, ಭೂಮಿ, ಸಂಸ್ಥೆ ಮತ್ತು ಕಾನೂನಿನ ಚರಿತ್ರೆಯ ಮೇಲೆ ನಿಂತಿದೆ. ಸಾರಸ್ವತರೆಲ್ಲ ಶ್ರೀಮಂತರಲ್ಲ, ಸಣ್ಣ ಅಂಗಡಿಕಾರರು, ಅರ್ಚಕರು, ಅಡುಗೆಯವರು ಅವರಲ್ಲಿ ಬಹಳಷ್ಟು. ಸಿದ್ದಿಗಳೂ ಇಂದು ಕೂಲಿಗಳು ಮಾತ್ರವಲ್ಲ. ಶಿಕ್ಷಕರು, ಪೊಲೀಸರು, ಕಲಾವಿದರು, ಪಂಚಾಯಿತಿ ಸದಸ್ಯರು ಅವರಲ್ಲಿದ್ದಾರೆ. ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಮತ್ತು ಅರಣ್ಯ ಹಕ್ಕುಪತ್ರ ಕೈಗೆ ಬಂದ ಎರಡು ದಶಕಗಳಲ್ಲಿ ಇಷ್ಟು ಬದಲಾವಣೆ ಆಗಿದೆ. ಮುಂದಿನ ತಲೆಮಾರಿನ ಸ್ಥಿತಿಯನ್ನು ನಿರ್ಧರಿಸುವುದು ಬಾಕಿ ಉಳಿದ ಅರ್ಜಿಗಳಿಗೆ ಹಕ್ಕುಪತ್ರ, ಅಡಮಾನವಿಲ್ಲದ ಸಾಂಸ್ಥಿಕ ಸಾಲ ಮತ್ತು ಘಟ್ಟದ ಹಳ್ಳಿಗಳಿಂದ ಕಾಲೇಜಿಗೆ ತಲುಪುವ ದಾರಿ.