ಕೈಬಿಟ್ಟ ಚೆಂಡು ಮುಂದಕ್ಕೇಕೆ ಹೋಗುತ್ತದೆ?

ಬೌಂಡರಿ ಗೆರೆಯ ಬಳಿಯಿಂದ ಫೀಲ್ಡರ್ ಎಸೆದ ಚೆಂಡು ನೇರವಾಗಿ ವಿಕೆಟ್ ಕೀಪರ್‌ನ ಕೈ ಸೇರುತ್ತದೆ. ನಮಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಕೈಯಿಂದ ಬಿಡುಗಡೆಯಾದ ಮೇಲೆ ಆ ಚೆಂಡನ್ನು ತಳ್ಳುವವರು ಯಾರೂ ಇಲ್ಲ. ಹಾಗಾದರೆ ಅದು ಸಾಗುವುದು ಹೇಗೆ? ಈ ಪ್ರಶ್ನೆಗೆ ತೃಪ್ತಿಕರ ಉತ್ತರ ಕಂಡುಕೊಳ್ಳಲು ಮನುಷ್ಯನಿಗೆ ಸುಮಾರು 2000 ವರ್ಷಗಳೇ ಬೇಕಾದವು.

ತಳ್ಳುವವನಿಲ್ಲದೆ ಚಲನೆಯಿಲ್ಲ ಎಂಬುದು ಕ್ರಿ.ಪೂ. 4ನೇ ಶತಮಾನದ ಅರಿಸ್ಟಾಟಲ್‌ನ ಅಭಿಪ್ರಾಯ. ಎತ್ತು ನಿಂತರೆ ಗಾಡಿಯೂ ನಿಲ್ಲುತ್ತದೆಯಲ್ಲ! ಎಸೆದ ಕಲ್ಲನ್ನು ಸುತ್ತಲಿನ ಗಾಳಿಯೇ ಮುಂದಕ್ಕೆ ಒಯ್ಯುತ್ತದೆ ಎಂದು ಆತ ವಿವರಿಸಿದ. 6ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಫಿಲೋಪೋನಸ್ ಇದನ್ನು ಒಪ್ಪಲಿಲ್ಲ. ಅರಬಿ ಗ್ರಂಥಗಳು ಯಹ್ಯಾ ಅನ್ನಹ್ವಿ ಎಂದು ಕರೆಯುವುದು ಇವನನ್ನೇ. ಹಿಂದಿನಿಂದ ಎಷ್ಟೇ ಗಾಳಿ ಊದಿದರೂ ಕಲ್ಲು ಕದಲುವುದಿಲ್ಲ. ಎಸೆಯುವವನೇ ಕಲ್ಲಿಗೆ ಒಂದು ಶಕ್ತಿಯನ್ನು ತುಂಬುತ್ತಾನೆ ಎಂದ. ನಮ್ಮ ನಾಡಿನ ವೈಶೇಷಿಕ ದರ್ಶನವೂ ಬಾಣದ ಬಗ್ಗೆ ಇಂಥದೇ ಮಾತು ಹೇಳಿದೆ: ಮೊದಲ ಚಲನೆಗೆ ಕಾರಣ ನೋದನ, ಮುಂದಿನ ಚಲನೆಗೆ ಕಾರಣ ಬಾಣದಲ್ಲೇ ಉಳಿಯುವ ಸಂಸ್ಕಾರ.

ಇಬ್ನು ಸೀನಾ (980-1037) ನಮಗೆ ಹೆಚ್ಚು ಪರಿಚಿತರಾಗಿರುವುದು ವೈದ್ಯರಾಗಿ. ಆದರೆ 'ಅಶ್ಶಿಫಾ' ಎಂಬ ಅವರ ಬೃಹತ್ ಗ್ರಂಥ, ಹೆಸರು ಕೇಳಿದರೆ ವೈದ್ಯಕೀಯದ್ದು ಅನ್ನಿಸಿದರೂ, ತತ್ವಶಾಸ್ತ್ರ ಮತ್ತು ಪ್ರಕೃತಿ ವಿಜ್ಞಾನಕ್ಕೆ ಸೇರಿದ್ದು. ಎಸೆದ ವಸ್ತುವಿಗೆ ದೊರೆಯುವ ಗುಣವನ್ನು ಅವರು 'ಮೈಲ್' ಎಂದರು. ದೂರ ಅಳೆಯುವ ಮೈಲಿಗೂ ಇದಕ್ಕೂ ಸಂಬಂಧವಿಲ್ಲ. ಅರಬಿಯಲ್ಲಿ ಇದರ ಅರ್ಥ ಒಲವು, ವಾಲುವಿಕೆ. ಈ ಶಕ್ತಿ ತಾನಾಗಿಯೇ ಸವೆದು ಹೋಗುತ್ತದೆ ಎಂದು ಫಿಲೋಪೋನಸ್ ಭಾವಿಸಿದ್ದ. ಇಬ್ನು ಸೀನಾ ಇಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಮೈಲ್ ತಾನಾಗಿ ಸವೆಯುವುದಿಲ್ಲ, ಹೊರಗಿನ ಅಡ್ಡಿಯೇ ಅದನ್ನು ಸವೆಸುತ್ತದೆ ಎಂದರು. ಕೇರಂ ಬೋರ್ಡಿಗೆ ಪೌಡರ್ ಹಾಕುವ ಹುಡುಗರಿಗೆ ಇದು ಅನುಭವದಿಂದಲೇ ಗೊತ್ತು. ಅಡ್ಡಿ ಕಡಿಮೆಯಾದಷ್ಟೂ ಸ್ಟ್ರೈಕರ್ ದೂರ ಹೋಗುತ್ತದೆ. ಅಡ್ಡಿಯೇ ಇಲ್ಲದ ನಿರ್ವಾತದಲ್ಲಾದರೆ? ವಸ್ತು ನಿಲ್ಲದೆ ಸಾಗುತ್ತಲೇ ಇರಬೇಕಾಗುತ್ತದೆ ಎಂದು ಅವರು ತರ್ಕಿಸಿದರು. ಆದರೆ ಹಾಗೆ ನಿಲ್ಲದೆ ಸಾಗುವ ವಸ್ತುವನ್ನು ಯಾರೂ ಕಂಡಿಲ್ಲ, ಆದ್ದರಿಂದ ನಿರ್ವಾತವೇ ಇರಲಾರದು ಎಂಬ ತೀರ್ಮಾನಕ್ಕೆ ಬಂದರು! ಬಾಗಿಲ ತನಕ ಬಂದು ಮರಳಿದಂತಾಯಿತು.

12ನೇ ಶತಮಾನದಲ್ಲಿ ಬಗ್ದಾದಿನ ಅಬುಲ್ ಬರಕಾತ್, ಬೀಳುವ ಕಲ್ಲಿನ ವೇಗ ಕ್ಷಣ ಕ್ಷಣಕ್ಕೂ ಹೆಚ್ಚುವುದನ್ನು ಇದೇ ಮೈಲ್‌ನಿಂದ ವಿವರಿಸಿದರು. 14ನೇ ಶತಮಾನದ ಪ್ಯಾರಿಸ್ಸಿನಲ್ಲಿ ಬುರಿಡಾನ್ ಇಂಥದೇ ಗುಣವನ್ನು 'ಇಂಪೆಟಸ್' ಎಂದು ಕರೆದು, ಅದು ವಸ್ತುವಿನಲ್ಲಿರುವ ದ್ರವ್ಯ ಮತ್ತು ಅದರ ವೇಗ ಎರಡನ್ನೂ ಅವಲಂಬಿಸಿದೆ ಎಂದ. ಆತ ಕೊಟ್ಟ ಉದಾಹರಣೆಗಳಲ್ಲೊಂದು ಉದ್ದಜಿಗಿತದ್ದು. ಜಿಗಿಯುವವನು ಹಿಂದೆ ಸರಿದು ಓಡಿ ಬರುವುದು ಈ ಶಕ್ತಿಯನ್ನು ಗಳಿಸಲಿಕ್ಕೆ. ಗಾಳಿ ತನ್ನನ್ನು ಹಿಂದಿನಿಂದ ತಳ್ಳಿದ ಅನುಭವ ಅವನಿಗಾಗುವುದಿಲ್ಲ, ಎದುರಿನಿಂದ ತಡೆದದ್ದೇ ಅನುಭವಕ್ಕೆ ಬರುತ್ತದೆ ಎಂದು ಬುರಿಡಾನ್ ಬರೆದ. ಅರಿಸ್ಟಾಟಲ್‌ಗೆ ಇದಕ್ಕಿಂತ ಸರಳ ಉತ್ತರ ಬೇಕೇ?

'ನ್ಯೂಟನ್‌ನ ಮೊದಲ ನಿಯಮವನ್ನು ಇಬ್ನು ಸೀನಾ 600 ವರ್ಷ ಮೊದಲೇ ಕಂಡುಹಿಡಿದಿದ್ದರು' ಎಂಬ ಮಾತನ್ನು ನಮ್ಮ ವೇದಿಕೆಗಳಲ್ಲಿ ಕೇಳುತ್ತೇವೆ. ಇದು ಸರಿಯಲ್ಲ. ಮೈಲ್ ಎಂದರೆ ವಸ್ತುವನ್ನು ಸಾಗಿಸುವ ಒಂದು ಕಾರಣ. 1687ರಲ್ಲಿ ನ್ಯೂಟನ್ ಪ್ರಕಟಿಸಿದ ನಿಯಮದ ಪ್ರಕಾರ ಸಮವೇಗದಲ್ಲಿ ನೇರವಾಗಿ ಸಾಗಲು ಕಾರಣವೇ ಬೇಡ, ಬದಲಾವಣೆಗೆ ಮಾತ್ರ ಬಲ ಬೇಕು. ಇಷ್ಟು ದೊಡ್ಡ ವ್ಯತ್ಯಾಸವನ್ನು ಮುಚ್ಚಿಟ್ಟು ಹೊಗಳಿದರೆ ಇಬ್ನು ಸೀನಾರ ಗೌರವವೇನೂ ಹೆಚ್ಚುವುದಿಲ್ಲ. ಹಾಗೆಯೇ ಅರಿಸ್ಟಾಟಲ್‌ನಿಂದ ಒಮ್ಮೆಲೇ ಗೆಲಿಲಿಯೋಗೆ ಜಿಗಿದು, ನಡುವಿನ ಅಷ್ಟೂ ಶತಮಾನಗಳು ಕತ್ತಲೆಯಲ್ಲಿದ್ದವು ಎನ್ನುವವರ ಮಾತನ್ನೂ ನಾವು ಒಪ್ಪಲಾರೆವು. ಆ ನಡುವೆ ಗ್ರೀಕ್, ಅರಬಿ, ಲ್ಯಾಟಿನ್ ಬಲ್ಲವರು ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದರು. ಅವರಲ್ಲಿ ಕ್ರೈಸ್ತರೂ ಮುಸ್ಲಿಮರೂ ಇದ್ದರು. ಅಬುಲ್ ಬರಕಾತ್ ಅಂತೂ ಯಹೂದಿಯಾಗಿ ಹುಟ್ಟಿ ಮುಪ್ಪಿನಲ್ಲಿ ಇಸ್ಲಾಮ್ ಸ್ವೀಕರಿಸಿದವರು.

ಇನ್ನು ಆ ಚೆಂಡು. ಅದರ ತೂಕ ಹೆಚ್ಚೆಂದರೆ 163 ಗ್ರಾಂ. ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೇಕೆಂದರೆ, ಚೆಂಡು ನಿಲ್ಲಲು ಐದು ಪಟ್ಟು ಹೆಚ್ಚು ಸಮಯ ಸಿಕ್ಕರೆ ಅಂಗೈಗೆ ಬೀಳುವ ಸರಾಸರಿ ಬಲ ಐದನೇ ಒಂದಕ್ಕೆ ಇಳಿಯುತ್ತದೆ.